ಹೈಟಿಯ ಕರಿಹಂದಿ: ಹಿತ್ತಿಲಿನ ಒಂದು ತಳಿಯ ಏಳುಬೀಳು

ಕೆರಿಬಿಯನ್ ಸಮುದ್ರದ ಹೈಟಿ ದೇಶದಲ್ಲಿ ರೈತ ಕುಟುಂಬಗಳು ತಲೆಮಾರುಗಳಿಂದ ಹಿತ್ತಿಲಲ್ಲಿ ಸಾಕಿಕೊಂಡು ಬಂದ ಕಪ್ಪು ಹಂದಿಗೆ ಕ್ರಿಯೋಲ್ ಹಂದಿ ಎಂದು ಹೆಸರು. ಗಿಡ್ಡ ಮೈ, ಉದ್ದ ಮೂತಿ, ಒರಟು ಕೂದಲು, ಗಟ್ಟಿಮುಟ್ಟಾದ ಕಾಲು ಇದರ ಗುರುತು. ಮನೆಮಂದಿಯ ನಡುವೆಯೇ ಬೆಳೆಯುತ್ತಿದ್ದ ಈ ಪ್ರಾಣಿಯನ್ನು ಹಗ್ಗ ಬಿಗಿದು ಮರಕ್ಕೆ ಕಟ್ಟಿದರೆ ಸಾಕಾಗುತ್ತಿತ್ತು. ಗೂಡು ಬೇಕಿರಲಿಲ್ಲ, ಕೊಂಡು ತಂದ ಮೇವೂ ಬೇಕಿರಲಿಲ್ಲ. 1980ರ ಹೊತ್ತಿಗೂ ಗ್ರಾಮೀಣ ಹೈಟಿಯ ಬಹುಪಾಲು ಮನೆಗಳಲ್ಲಿ ಒಂದಾದರೂ ಕರಿಹಂದಿ ಇರುತ್ತಿತ್ತು. 1983ರ ನಡುವಿನ ಹೊತ್ತಿಗೆ ಅದು ಇಲ್ಲವೇ ಇಲ್ಲ ಎನ್ನುವಂತಾಗಿತ್ತು.

ಅಮೆರಿಕ ಖಂಡಗಳಲ್ಲಿ ಮೂಲತಃ ಸಾಕುಹಂದಿ ಇರಲಿಲ್ಲ. ಕೊಲಂಬಸ್ 1493ರಲ್ಲಿ ತನ್ನ ಎರಡನೆಯ ಯಾನಕ್ಕೆ ಹೊರಟಾಗ ಕೆನರಿ ದ್ವೀಪಗಳಲ್ಲಿ ಒಂದಾದ ಗೊಮೆರಾದಲ್ಲಿ ಹಂದಿಗಳನ್ನು ಹಡಗಿಗೆ ಹತ್ತಿಸಿಕೊಂಡ. ಅವು ಎಂಟು ಎಂದು ಸ್ಪೇನಿನ ಚರಿತ್ರಕಾರ ಲಾಸ್ ಕಾಸಾಸ್ ಬರೆದಿದ್ದಾನೆ. ಇಂದು ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯಗಳು ಹಂಚಿಕೊಂಡಿರುವ ಹಿಸ್ಪಾನಿಯೋಲಾ ದ್ವೀಪದಲ್ಲಿ ಅವನ್ನು ಇಳಿಸಲಾಯಿತು. ಬೇಟೆಯಾಡುವ ದೊಡ್ಡ ಮೃಗಗಳಿಲ್ಲದ ಆ ಕಾಡಿನಲ್ಲಿ ಹಂದಿಗಳು ಮಿತಿಯಿಲ್ಲದೆ ಹೆಚ್ಚಿದವು. ಅದೇ ಕಾಲದಲ್ಲಿ ದ್ವೀಪದ ಮೂಲನಿವಾಸಿಗಳಾದ ಟೈನೋ ಜನ ಯುರೋಪಿನಿಂದ ಬಂದ ಕಾಯಿಲೆಗಳಿಗೂ ಚಿನ್ನದ ಗಣಿಗಳ ಬಿಟ್ಟಿ ದುಡಿಮೆಗೂ ಬಲಿಯಾಗಿ ಕೆಲವೇ ದಶಕಗಳಲ್ಲಿ ಹೆಚ್ಚುಕಡಿಮೆ ಅಳಿದುಹೋದರು.

ದ್ವೀಪದ ಪಶ್ಚಿಮ ಭಾಗ ಹಂದಿಗಳ ಬೀಡಾದದ್ದಕ್ಕೆ ಸ್ಪೇನಿನ ಒಂದು ಆಜ್ಞೆಯೂ ಕಾರಣ. ಉತ್ತರ ಮತ್ತು ಪಶ್ಚಿಮ ಕರಾವಳಿಯ ನಿವಾಸಿಗಳು ಡಚ್ಚರು, ಫ್ರೆಂಚರೊಂದಿಗೆ ಕಳ್ಳವ್ಯಾಪಾರ ನಡೆಸುತ್ತಿದ್ದಾರೆಂಬ ದೂರಿನ ಮೇಲೆ ಗವರ್ನರ್ ಒಸೋರಿಯೊ 1605-06ರಲ್ಲಿ ಅಲ್ಲಿನ ಊರುಗಳನ್ನು ಬಲವಂತವಾಗಿ ಖಾಲಿ ಮಾಡಿಸಿದ. ಜನ ಹೋದರು, ದನ ಹಂದಿಗಳು ಉಳಿದವು. ಅವುಗಳ ಬೇಟೆಗೆಂದೇ ಫ್ರೆಂಚ್ ಅಲೆಮಾರಿಗಳು ಬಂದು ನೆಲೆಸಿದರು. ಮಾಂಸವನ್ನು ಹೊಗೆಯಲ್ಲಿ ಒಣಗಿಸಿ, ಚರ್ಮದ ಜೊತೆ ಹಡಗುಗಳಿಗೆ ಮಾರುತ್ತಿದ್ದ ಈ ಬಕನಿಯರ್‌ಗಳೇ ಮುಂದೆ ಕಡಲ್ಗಳ್ಳರಾಗಿ ಹೆಸರಾದರು. ಅವರ ಬೆನ್ನಿಗೆ ಫ್ರೆಂಚ್ ಆಡಳಿತವೂ ಬಂತು. 1697ರ ರಿಸ್ವಿಕ್ ಒಪ್ಪಂದದ ನಂತರ ಪಶ್ಚಿಮದ ಮೂರನೆಯ ಒಂದು ಭಾಗ ಸೇಂಟ್ ಡೊಮಿಂಗ್ ಎಂಬ ಫ್ರೆಂಚ್ ವಸಾಹತಾಯಿತು. ಅಷ್ಟರಲ್ಲಿ ಇನ್ನೂರು ವರ್ಷ ಬಿಸಿಲು, ಹಸಿವು, ಹುಳುಹುಪ್ಪಟೆಗಳಿಗೆ ಒಡ್ಡಿಕೊಂಡ ಹಂದಿಗಳು ಸ್ಪೇನಿನ ಪೂರ್ವಜರಿಗಿಂತ ಗಟ್ಟಿಯಾದ, ಸಿಕ್ಕಿದ್ದನ್ನು ತಿಂದು ಬದುಕುವ ತಳಿಯಾಗಿ ಮಾರ್ಪಟ್ಟಿದ್ದವು.

18ನೆಯ ಶತಮಾನದ ಕೊನೆಗೆ ಸೇಂಟ್ ಡೊಮಿಂಗ್ ಜಗತ್ತಿನಲ್ಲೇ ಅತಿ ಹೆಚ್ಚು ಸಕ್ಕರೆ, ಕಾಫಿ ಬೆಳೆಯುವ ವಸಾಹತುಗಳಲ್ಲಿ ಒಂದಾಗಿತ್ತು. ಸುಮಾರು ಐದು ಲಕ್ಷ ಆಫ್ರಿಕನ್ ಗುಲಾಮರು ಅದರ ತೋಟಗಳಲ್ಲಿ ದುಡಿಯುತ್ತಿದ್ದರು. ಅವರಿಗೆ ಊಟ ಹಾಕುವ ಖರ್ಚು ಉಳಿಸಲು ತೋಟದ ಒಡೆಯರು ಬೆಟ್ಟದ ಇಳಿಜಾರಿನಲ್ಲಿ ತುಂಡು ನೆಲ ಬಿಟ್ಟುಕೊಟ್ಟು, ನಿಮ್ಮ ಹೊಟ್ಟೆಗೆ ನೀವೇ ಬೆಳೆದುಕೊಳ್ಳಿ ಎನ್ನುತ್ತಿದ್ದರು. ಗೆಣಸು, ಬಾಳೆ, ಮರಗೆಣಸಿನ ಆ ತುಂಡು ನೆಲದ ಬದಿಯಲ್ಲಿ ಕೋಳಿ, ಹಂದಿಗಳೂ ಬೆಳೆದವು. ಮಿಕ್ಕಿದ್ದು ಭಾನುವಾರದ ಸಂತೆಗೆ ಹೋಗುತ್ತಿತ್ತು. ಗುಲಾಮನ ಬಳಿ ಇರುವುದೆಲ್ಲವೂ ಒಡೆಯನದೇ ಎಂದು 1685ರ ಫ್ರೆಂಚ್ ಕಾನೂನು ಸಾರಿತ್ತು. ರೂಢಿಯಲ್ಲಿ ಮಾತ್ರ ಸಾಕಿದವರದೇ ಹಂದಿ.

1791ರ ಆಗಸ್ಟ್‌ನಲ್ಲಿ ಉತ್ತರ ಬಯಲಿನ ಗುಲಾಮರು ದಂಗೆ ಎದ್ದರು. ಅದಕ್ಕೆ ಮೊದಲು ಬ್ವಾ ಕೈಮಾನ್ ಎಂಬ ಕಾಡಿನಲ್ಲಿ ಕೂಟ ಸೇರಿ ಕಪ್ಪು ಹಂದಿಯೊಂದನ್ನು ಬಲಿಕೊಟ್ಟು ಆಣೆ ಮಾಡಿದರೆಂಬ ವೃತ್ತಾಂತ ಹೈಟಿಯ ಪ್ರತಿ ಮಗುವಿಗೂ ಗೊತ್ತು. ದಂಗೆಯ ನಾಯಕ ಬುಕ್ಮನ್‌ನ ಹೆಸರೂ ಅದರೊಡನೆ ಬೆಸೆದುಕೊಂಡಿದೆ. ಬಲಿಯ ಮೊದಲ ಲಿಖಿತ ಉಲ್ಲೇಖ ಸಿಗುವುದು ಅಂತ್ವಾನ್ ದಾಲ್ಮಾಸ್ ಎಂಬ ಫ್ರೆಂಚ್ ವೈದ್ಯನ ಬರಹದಲ್ಲಿ; ಅದು ಅಚ್ಚಾದದ್ದು 1814ರಲ್ಲಿ. ಅಂದು ನಡೆದದ್ದೇನು ಎಂಬ ವಿವರಗಳ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ದೇಶದ ಹುಟ್ಟಿನ ಕಥೆಯಲ್ಲಿ ಕರಿಹಂದಿಗೆ ಸಿಕ್ಕ ಜಾಗ ಗಟ್ಟಿಯಾಗಿಯೇ ಉಳಿಯಿತು. ಹನ್ನೆರಡು ವರ್ಷಗಳಿಗೂ ಮೀರಿದ ಹೋರಾಟದ ಕೊನೆಗೆ, 1804ರ ಜನವರಿ 1ರಂದು, ಹೈಟಿ ಸ್ವತಂತ್ರವಾಯಿತು.

ಹೊಸ ದೇಶದ ಆಳುವವರಿಗೆ ರಫ್ತಿನ ಆದಾಯಕ್ಕಾಗಿ ದೊಡ್ಡ ತೋಟಗಳು ಉಳಿಯಬೇಕಿತ್ತು. ಬಿಡುಗಡೆಯಾದ ಜನರಿಗೆ ಬೇಕಿದ್ದದ್ದು ಸ್ವಂತದ ಒಂದಿಷ್ಟು ನೆಲ. ದಕ್ಷಿಣದಲ್ಲಿ ಅಧ್ಯಕ್ಷ ಪೆತಿಯಾನ್ ಸೈನಿಕರಿಗೆ ಭೂಮಿ ಹಂಚಿದ. ರೈತರನ್ನು ತೋಟಗಳಿಗೆ ಕಟ್ಟಿಹಾಕಲು ಅಧ್ಯಕ್ಷ ಬ್ವಾಯೆ 1826ರಲ್ಲಿ ತಂದ ಗ್ರಾಮೀಣ ಸಂಹಿತೆ ಕಾಗದದಲ್ಲೇ ಉಳಿಯಿತು. ಜನ ಬೆಟ್ಟ ಹತ್ತಿ ಸಣ್ಣ ಹಿಡುವಳಿಗಳಲ್ಲಿ ಬೇರೂರಿದರು. ಒಂದೇ ಅಂಗಳದ ಸುತ್ತ ಅಜ್ಜ, ಮಕ್ಕಳು, ಮೊಮ್ಮಕ್ಕಳ ಗುಡಿಸಲುಗಳಿರುವ 'ಲಾಕು' ಎಂಬ ಕೂಡುನೆಲೆ ಹಳ್ಳಿಯ ಬದುಕಿನ ಘಟಕವಾಯಿತು. ಹೊಲದ ಕೆಲಸಕ್ಕೆ 'ಕೊಂಬಿಟ್' ಎಂಬ ಮುಯ್ಯಾಳು ಪದ್ಧತಿ ಬೆಳೆಯಿತು. ಕರಿಹಂದಿ ಕಾಡುಪ್ರಾಣಿಯ ಪಾಡು ಬಿಟ್ಟು ಮನೆಯ ಪ್ರಾಣಿಯಾಗಿ ಪೂರ್ತಿ ನೆಲೆನಿಂತದ್ದು ಈ ಅಂಗಳಗಳಲ್ಲಿ.

ಸಾಕಣೆಯ ಕ್ರಮ ಸರಳವಾಗಿತ್ತು. ಬೆಳೆ ಹೊಲದಲ್ಲಿದ್ದಾಗ ಹಂದಿಯನ್ನು ಮರಕ್ಕೋ ಗೂಟಕ್ಕೋ ಕಟ್ಟುವುದು, ಕೊಯ್ಲು ಮುಗಿದ ಮೇಲೆ ಬಿಟ್ಟುಬಿಡುವುದು. ಅಡುಗೆಮನೆಯ ಕಸ, ಗೆಣಸಿನ ಸಿಪ್ಪೆ, ಬಾಳೆಯ ದಿಂಡು, ಕಬ್ಬಿನ ಸಿಪ್ಪೆ, ತಾಳೆಯ ಕಾಯಿ, ಹಲಸಿನ ಜಾತಿಯ ಬ್ರೆಡ್‌ಫ್ರೂಟ್ ಅದರ ಆಹಾರ. ಮಾವಿನ ಕಾಲದಲ್ಲಿ ಮರದಡಿ ಉದುರಿದ ಹಣ್ಣಿನಿಂದಲೇ ಮೈ ತುಂಬಿಕೊಳ್ಳುತ್ತಿತ್ತು. ಕೊಯ್ಲಾದ ಹೊಲಕ್ಕೆ ಬಿಟ್ಟರೆ ಮೂತಿಯಿಂದ ನೆಲ ಕೆದಕಿ ಉಳಿದ ಗೆಡ್ಡೆ, ಹುಳು, ಗೊಣ್ಣೆಹುಳುಗಳನ್ನು ತಿಂದು, ಮಣ್ಣು ಸಡಿಲಿಸಿ, ಗೊಬ್ಬರವನ್ನೂ ಬಿಟ್ಟುಬರುತ್ತಿತ್ತು. ಶೌಚಾಲಯಗಳಿಲ್ಲದ ಹಳ್ಳಿಗಳಲ್ಲಿ ಹೊಲಸನ್ನು ತೆಗೆಯುತ್ತಿದ್ದದ್ದೂ ಅದೇ. ಮೇವಿಗೆ ಬರ ಬಂದಾಗ ಕೆಲವು ದಿನ ಅರೆಹೊಟ್ಟೆಯಲ್ಲಿದ್ದರೂ ಸಾಯುತ್ತಿರಲಿಲ್ಲ.

ಇಂಥ ಮೇವಿನಲ್ಲಿ ಹಂದಿ ಬೇಗ ಬೆಳೆಯಲಾರದು. ಸಾಕಣೆ ಕೇಂದ್ರದ ಬಿಳಿಹಂದಿ ಆರು ತಿಂಗಳಲ್ಲಿ ಮುಟ್ಟುವ ತೂಕವನ್ನು ಕರಿಹಂದಿ ಎರಡು ವರ್ಷವಾದರೂ ಮುಟ್ಟುತ್ತಿರಲಿಲ್ಲ. ಪಶುವಿಜ್ಞಾನದ ಕೋಷ್ಟಕದಲ್ಲಿ ಇದು ದೋಷ. ಆದರೆ ಹಿತ್ತಿಲಿನ ಲೆಕ್ಕ ಬೇರೆಯಾಗಿತ್ತು. ಮೇವಿಗೆ ಕಾಸು ಬೀಳದಿದ್ದ ಮೇಲೆ ಹಂದಿ ಎಷ್ಟು ಕಾಲ ಕಟ್ಟಿಕೊಂಡಿದ್ದರೂ ನಷ್ಟವಿಲ್ಲ. ಮಾರುವ ದಿನವನ್ನು ಗೊತ್ತುಮಾಡುತ್ತಿದ್ದದ್ದು ಹಂದಿಯ ತೂಕವಲ್ಲ, ಮನೆಯ ಅಗತ್ಯ. ಹಳ್ಳಿಯಲ್ಲಿ ಬ್ಯಾಂಕು, ವಿಮೆ ಎರಡೂ ಇರಲಿಲ್ಲ. ಮಕ್ಕಳ ಶಾಲೆ ಶುರುವಾಗುವ ಅಕ್ಟೋಬರ್, ಬಿತ್ತನೆಯ ಹೊತ್ತು, ಮದುವೆ, ಕಾಯಿಲೆ, ಸಾವು ಇವೆಲ್ಲಕ್ಕೂ ಹಂದಿಯೇ ಕೈಗಂಟು. ಕೋಳಿ ಮಾರಿದರೆ ಬರುವ ಹಣ ಸಾಲದು, ಹಸು ಮಾರುವುದು ಸಣ್ಣ ಮಾತಲ್ಲ. ಇವೆರಡರ ನಡುವಿನ ದೊಡ್ಡ ಖರ್ಚುಗಳಿಗೆ ಹಂದಿ ಸರಿಯಾದ ಅಳತೆಯ ಆಸ್ತಿಯಾಗಿತ್ತು. ಹೆಣ್ಣುಹಂದಿ ಸುಮಾರು 114 ದಿನಗಳ ಗರ್ಭ ಕಳೆದು ಒಮ್ಮೆಗೆ ಹಲವು ಮರಿ ಹಾಕುವುದರಿಂದ ಆಸ್ತಿ ತಾನಾಗಿಯೇ ಹೆಚ್ಚುತ್ತಲೂ ಇತ್ತು.

ಹಂದಿ ಕೊಳ್ಳಲು ಶಕ್ತಿ ಇಲ್ಲದವರಿಗೂ ದಾರಿಯಿತ್ತು. ಉಳ್ಳವರು ತಮ್ಮ ಹೆಣ್ಣುಹಂದಿಯನ್ನು ಪಾಲಿಗೆ ಕೊಡುತ್ತಿದ್ದರು. ಸಾಕಿದವರಿಗೆ ಹುಟ್ಟಿದ ಮರಿಗಳಲ್ಲಿ ಪಾಲು. 'ಗಾದಿನಾಜ್' ಎಂದು ಕರೆಯುವ ಈ ಪದ್ಧತಿಯಲ್ಲಿ ಭೂಮಿಯಿಲ್ಲದ ಮನೆಯೂ ಒಂದೆರಡು ಸೂಲಿನಲ್ಲಿ ಸ್ವಂತ ಹಂದಿಯ ಒಡೆತನಕ್ಕೆ ಬರುತ್ತಿತ್ತು. ಮಾಂಸ ಊರೂರು ಸುತ್ತುವ ವ್ಯಾಪಾರಿ ಹೆಂಗಸರ ಕೈಯಲ್ಲಿ ಪೇಟೆಗೆ ಸಾಗುತ್ತಿತ್ತು. ನೆಣವೇ ಅಡುಗೆಯ ಎಣ್ಣೆ. ಹುಳಿಕಿತ್ತಳೆಯ ರಸದಲ್ಲಿ ನೆನೆಸಿ, ಬೇಯಿಸಿ, ಕರಿದ ಹಂದಿಮಾಂಸದ 'ಗ್ರಿಯೊ' ಇಂದಿಗೂ ಹೈಟಿಯ ಹೆಸರಾಂತ ಅಡುಗೆ. ವೋಡೂ ಧರ್ಮದಲ್ಲಿ ಏಝಿಲಿ ದಾಂಟೊರ್ ಎಂಬ ತಾಯಿದೇವತೆಗೆ ಅರ್ಪಿಸುವುದು ಕಪ್ಪು ಹಂದಿಯನ್ನೇ.

ಈ ವ್ಯವಸ್ಥೆಯನ್ನು ಕೆಡವಿದ್ದು ಆಫ್ರಿಕನ್ ಹಂದಿಜ್ವರ. 1921ರಲ್ಲಿ ಕೀನ್ಯಾದಿಂದ ಮೊದಲು ವರದಿಯಾದ ಈ ವೈರಸ್ ರೋಗ ಮನುಷ್ಯರಿಗೆ ತಗಲುವುದಿಲ್ಲ, ಹಂದಿಗಳಿಗೆ ಮಾರಕ. ಸಂಸ್ಕರಿಸಿದ ಮಾಂಸದಲ್ಲೂ ವೈರಸ್ ತಿಂಗಳುಗಟ್ಟಲೆ ಬದುಕುವುದರಿಂದ ಹಡಗು, ವಿಮಾನಗಳ ಎಂಜಲಿನ ಮೂಲಕ ಕಡಲು ದಾಟುತ್ತದೆ. 1957ರಲ್ಲಿ ಪೋರ್ಚುಗಲ್‌ಗೆ, 1971ರಲ್ಲಿ ಕ್ಯೂಬಾಕ್ಕೆ, 1978ರಲ್ಲಿ ಡೊಮಿನಿಕನ್ ಗಣರಾಜ್ಯಕ್ಕೆ ಅದು ಕಾಲಿಟ್ಟಿತು. 2020ರಲ್ಲಿ ಅಸ್ಸಾಂನ ಹಿತ್ತಿಲು ಹಂದಿಗಳನ್ನು ಕೊಂದದ್ದೂ ಇದೇ ರೋಗ. ಡೊಮಿನಿಕನ್ ಗಡಿ ದಾಟಿ ಹೈಟಿಯ ಆರ್ತಿಬೊನಿತ್ ಕಣಿವೆಗೆ ಬಂದಾಗ ಹಂದಿಗಳು ಗುಂಪುಗುಂಪಾಗಿ ಸತ್ತವು. ಕ್ರಮೇಣ ರೋಗದ ಬಿರುಸು ತಗ್ಗಿತು. ಎಷ್ಟೋ ಹಂದಿಗಳು ಬದುಕುಳಿದವು. ಕುತ್ತು ಕಳೆಯಿತೆಂದು ರೈತರು ಭಾವಿಸಿದರು. ಬದುಕುಳಿದ ಹಂದಿಗಳೇ ವೈರಸ್ಸನ್ನು ಹೊತ್ತು ತಿರುಗಬಹುದೆಂಬುದು ಪಶುವೈದ್ಯರ ವಾದ. ಲಸಿಕೆ ಇರಲಿಲ್ಲ. ರೋಗ ತನ್ನ ನೆಲಕ್ಕೆ ಬಂದರೆ ಹಂದಿ ಉದ್ಯಮಕ್ಕೇ ಪೆಟ್ಟು ಎಂಬ ಭಯ ಅಮೆರಿಕ ಸಂಯುಕ್ತ ಸಂಸ್ಥಾನಕ್ಕಿತ್ತು.

ಅಮೆರಿಕ, ಕೆನಡಾ, ಮೆಕ್ಸಿಕೊಗಳ ನೆರವಿನಿಂದ ಹೈಟಿಯ ಅಧ್ಯಕ್ಷ ಜಾನ್ ಕ್ಲೋದ್ ದ್ಯುವಾಲಿಯೆಯ ಸರ್ಕಾರ 'ಪೆಪ್ಪಾದೆಪ್' ಎಂಬ ನಿರ್ಮೂಲನ ಯೋಜನೆ ಹಾಕಿಕೊಂಡಿತು. 1982ರ ಮೇ ತಿಂಗಳಿಂದ 1983ರ ಜೂನ್‌ವರೆಗೆ ತಂಡಗಳು ಹಳ್ಳಿಯಿಂದ ಹಳ್ಳಿಗೆ ಹೋಗಿ, ರೋಗವಿದ್ದದ್ದು ಇಲ್ಲದ್ದು ಎನ್ನದೆ, ಪ್ರತಿ ಹಂದಿಯನ್ನೂ ಕೊಂದವು. ರೋಗಕ್ಕೆ ಮೊದಲು ಹತ್ತು ಲಕ್ಷ ಮೀರಿದ್ದ ಸಂಖ್ಯೆಯಲ್ಲಿ ಕೆಲವು ರೋಗದಿಂದ ಸತ್ತು, ಇನ್ನು ಕೆಲವನ್ನು ರೈತರೇ ಸಿಕ್ಕಿದ ಬೆಲೆಗೆ ಮಾರಿ, ಉಳಿದಿದ್ದವು ನಾಲ್ಕು ಲಕ್ಷದ ಹತ್ತಿರ. ಪರಿಹಾರ ಹಂದಿಯ ಗಾತ್ರಕ್ಕೆ ತಕ್ಕಂತೆ: ಮರಿಗೆ 5 ಡಾಲರ್, ದೊಡ್ಡದಕ್ಕೆ 40 ಡಾಲರ್. ಹಣ ಕೈಸೇರಲಿಲ್ಲ, ಪೂರ್ತಿ ಸೇರಲಿಲ್ಲ ಎಂಬ ದೂರು ವ್ಯಾಪಕವಾಗಿತ್ತು. ಸೇರಿದವರಿಗೂ ಅದು ಒಂದು ಬಾರಿಯ ಹಣ. ಸೂಲಿಗೊಮ್ಮೆ ಬೆಳೆಯುವ ಆಸ್ತಿಗೆ ಸಮವಾಗಲಿಲ್ಲ. ಆಮೇಲೆ ಹೊರಗಿನಿಂದ ತಂದ ಹಂದಿಗಳನ್ನು ಅಲ್ಲಲ್ಲಿ ಬಿಟ್ಟು, ರೋಗ ತಗಲುವುದಿಲ್ಲವೆಂದು ಖಚಿತಪಡಿಸಿಕೊಂಡು, 1984ರಲ್ಲಿ ಹೈಟಿ ಹಂದಿಜ್ವರದಿಂದ ಮುಕ್ತವೆಂದು ಘೋಷಿಸಲಾಯಿತು. ರೋಗ ನಿರ್ಮೂಲನೆಯ ದೃಷ್ಟಿಯಿಂದ ಯೋಜನೆ ಗೆದ್ದಿತ್ತು.

ಸೋತದ್ದು ಮರುಸ್ಥಾಪನೆಯಲ್ಲಿ. ಕರಿಹಂದಿಯ ಜಾಗಕ್ಕೆ ಅಮೆರಿಕದ ಅಯೋವಾ ಮುಂತಾದ ಕಡೆಗಳಿಂದ ಬೇಗ ಕೊಬ್ಬುವ ತಳಿಗಳನ್ನು ತರಲಾಯಿತು. ಅವಕ್ಕೆ ಸಿಮೆಂಟು ನೆಲದ, ಚಾವಣಿಯ ಗೂಡು ಬೇಕು. ಶುದ್ಧ ನೀರು, ಔಷಧ, ಚೀಲದಲ್ಲಿ ಬರುವ ಮೇವು ಬೇಕು. ಹಂದಿ ಪಡೆಯಬೇಕಾದವರು ಇವನ್ನೆಲ್ಲ ಒದಗಿಸುತ್ತೇವೆಂದು ತೋರಿಸಬೇಕಿತ್ತು. ಒಂದು ಹಂದಿಯ ವರ್ಷದ ಮೇವಿಗೆ 90 ಡಾಲರ್, ದೇಶದ ತಲಾ ಆದಾಯ ಸುಮಾರು 130 ಡಾಲರ್ ಎಂದು ಮುಂದೆ ಅಧ್ಯಕ್ಷನಾದ ಜಾನ್ ಬೆರ್ಟ್ರಾಂಡ್ ಅರಿಸ್ಟೀಡ್ ಬರೆದಿದ್ದಾನೆ. ರೈತರು ಈ ಬಿಳಿಹಂದಿಗೆ 'ನಾಲ್ಕು ಕಾಲಿನ ರಾಜಕುಮಾರ' ಎಂದು ಹೆಸರಿಟ್ಟರು. ಕಾಸಿಲ್ಲದೆ ಬದುಕಿದಾಗ ಮಾತ್ರ ಹಂದಿ ಉಳಿತಾಯವಾಗುತ್ತಿತ್ತು. ದಿನವೂ ಕಾಸು ಕೇಳುವ ಹಂದಿ ಸ್ಥಿತಿವಂತರ ವ್ಯಾಪಾರವಾಯಿತು. ಬಡ ಮನೆಗಳಲ್ಲಿ ಶಾಲೆಯ ಶುಲ್ಕ ನಿಂತಿತು, ಸಾಲ ಹೆಚ್ಚಿತು. ಕೈಗೆ ಬೇಗ ಹಣ ಸಿಗುವ ದಾರಿಯೆಂದರೆ ಮರ ಕಡಿದು ಇದ್ದಿಲು ಸುಟ್ಟು ಮಾರುವುದು. ಮೊದಲೇ ಬೋಳಾಗುತ್ತಿದ್ದ ಬೆಟ್ಟಗಳ ಮೇಲೆ ಅದರ ಹೊರೆಯೂ ಬಿತ್ತು. 1986ರ ಫೆಬ್ರವರಿಯಲ್ಲಿ ದ್ಯುವಾಲಿಯೆ ದೇಶಬಿಟ್ಟು ಓಡುವ ಹೊತ್ತಿಗೆ ಹಳ್ಳಿಗಾಡಿನಲ್ಲಿ ಮಡುಗಟ್ಟಿದ್ದ ಸಿಟ್ಟಿಗೆ ಹಂದಿಗಳ ಕೊಲೆಯೂ ಒಂದು ಕಾರಣವೆಂದು ಚರಿತ್ರಕಾರರು ಎಣಿಸುತ್ತಾರೆ.

ಆ ನಂತರ ರೈತ ಸಂಘಟನೆಗಳ ಒತ್ತಾಯಕ್ಕೆ ಬೇರೊಂದು ಪ್ರಯತ್ನ ಆರಂಭವಾಯಿತು. ಫ್ರೆಂಚ್ ಮತ್ತು ಹೈಟಿಯ ಕೃಷಿತಜ್ಞರು ಚೀನಾದ ಮೇಶಾನ್, ಫ್ರಾನ್ಸಿನ ಗಾಸ್ಕನ್, ಕೆರಿಬಿಯನ್ನಿನದೇ ಆದ ಗ್ವಾಡಲೂಪ್ ದ್ವೀಪದ ಕ್ರಿಯೋಲ್ ಹಂದಿಗಳನ್ನು ಕೂಡಿಸಿ ಮಿಶ್ರತಳಿಯೊಂದನ್ನು ಸಿದ್ಧಪಡಿಸಿದರು. ಹೆಚ್ಚು ಮರಿ ಹಾಕುವ ಗುಣ ಮೊದಲನೆಯದರಿಂದ, ಗಟ್ಟಿತನ ಉಳಿದೆರಡರಿಂದ ಬರಲೆಂಬುದು ಲೆಕ್ಕ. 1980ರ ದಶಕದ ಕೊನೆಯಿಂದ ಈ 'ಸಿನೊ-ಗಾಸ್ಕನ್-ಕ್ರಿಯೋಲ್' ಮರಿಗಳ ಹಂಚಿಕೆ ನಡೆಯಿತು. ಕಪ್ಪು ಬಣ್ಣ, ಹಿತ್ತಿಲಿನ ಮೇವಿಗೆ ಒಗ್ಗುವ ಹೊಟ್ಟೆ ಇದ್ದದ್ದರಿಂದ ರೈತರು ಅದನ್ನು ಒಪ್ಪಿಕೊಂಡರು. ಈಗ ಹೈಟಿಯ ಹಳ್ಳಿಗಳಲ್ಲಿ ಕಾಣುವ ಹಂದಿಗಳು ಬಹುಪಾಲು ಈ ಮಿಶ್ರತಳಿ ಮತ್ತು ಅಮೆರಿಕದ ತಳಿಗಳ ಸಂತತಿ. 2021ರಲ್ಲಿ, ಸುಮಾರು ನಾಲ್ಕು ದಶಕಗಳ ಬಳಿಕ, ಆಫ್ರಿಕನ್ ಹಂದಿಜ್ವರ ಹಿಸ್ಪಾನಿಯೋಲಾಕ್ಕೆ ಮರಳಿತು: ಜುಲೈನಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ, ಸೆಪ್ಟೆಂಬರ್‌ನಲ್ಲಿ ಹೈಟಿಯಲ್ಲಿ ಅದು ದೃಢಪಟ್ಟಿತು. ಹೀಗೆ ಕರಿಹಂದಿಯ ತಳಿಯನ್ನೇ ತೆತ್ತು ಪಡೆದ ರೋಗಮುಕ್ತಿ ಉಳಿದದ್ದು 37 ವರ್ಷ.