ನಿಲ್ಲಿಸಿದ ದಿನದ ದಾಖಲೆ

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ ಆಯಿತೆಂದು ಶಾಸನ ನೋಡಿ ಹೇಳಬಹುದು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಕೆಲಸ ಯಾವ ದಿನ ನಿಂತಿತೆಂದು ಹಾಗೆ ಬೆರಳಿಟ್ಟು ತೋರಿಸುವುದು ಕಷ್ಟ. ಶುರುವಾದದ್ದಕ್ಕೆ ತಾರೀಖು ಸಿಗುತ್ತದೆ, ನಿಂತದ್ದಕ್ಕೆ ಸಿಗುವುದು ಅಪರೂಪ.

ಈ ಮಾತು ನೆನಪಾದದ್ದು ಅರಸೀಕೆರೆ ಜಂಕ್ಷನ್ನಿನಲ್ಲಿ. ಸೆರೆಬ್ರಲ್ ಪಾಲ್ಸಿ ಇರುವ ಒಂಬತ್ತು ವರ್ಷದ ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ತಾಯಿಯೊಬ್ಬರು ಹಾಸನದ ರೈಲು ಕಾಯುತ್ತಿದ್ದರು, ಫಿಸಿಯೋಥೆರಪಿಗೆ. ಹೋದ ದಿನ ಕೂಲಿ ಇಲ್ಲ. ನಾನು ಡಾಕ್ಟರೇಟ್ ಮಾಡುತ್ತಿದ್ದೇನೆ ಎಂದದ್ದಕ್ಕೆ ನನ್ನನ್ನು ಡಾಕ್ಟರ್ ಎಂದೇ ತಿಳಿದು ಕೇಳಿದರು: "ಇದನ್ನ ಯಾವಾಗ ನಿಲ್ಸೋದು ಮೇಡಂ? ನಾನಾಗೇ ನಿಲ್ಸಿದ್ರೆ ತಪ್ಪಾಗುತ್ತಾ?" ನಾನು ಓದುತ್ತಿರುವುದು ಇತಿಹಾಸ ಎಂದೆ. ಆದರೆ ಆ ಪ್ರಶ್ನೆಗೂ ಒಂದು ಇತಿಹಾಸವಿದೆ.

1861ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್, ಕಷ್ಟದ ಹೆರಿಗೆಗೂ ಮಗುವಿನ ಕೈಕಾಲಿನ ಬಿಗಿತಕ್ಕೂ ನಂಟಿದೆ ಎಂದು ವಾದಿಸಿದ. ತೊಂದರೆ ಗರ್ಭದಲ್ಲೇ ಮೊದಲಾಗಿರಬಹುದು ಎಂದವನು ಸಿಗ್ಮಂಡ್ ಫ್ರಾಯ್ಡ್, 1897ರಲ್ಲಿ. 1940ರ ದಶಕದಲ್ಲಿ ಬರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿ ರೂಪಿಸತೊಡಗಿದ ಪದ್ಧತಿ, ದೇಹದ ಚಲನೆಯನ್ನು ಆದಷ್ಟು ಸಹಜದ ಹತ್ತಿರ ತರಲು ನೋಡಿತು. ಗುರಿ 'ಸಹಜ'ವೇ ಆದರೆ ಚಿಕಿತ್ಸೆಗೆ ಕೊನೆ ಎಲ್ಲಿ?

ಕೊನೆಯ ಬಗ್ಗೆ ಅಳತೆ ಸಿಕ್ಕಿದ್ದು ತೀರ ಈಚೆಗೆ. 1997ರಲ್ಲಿ ಕೆನಡಾದ ಸಂಶೋಧಕರು ಈ ಮಕ್ಕಳ ಚಲನಶಕ್ತಿಯನ್ನು ಐದು ಹಂತಗಳಾಗಿ ವಿಂಗಡಿಸಿದರು. 2002ರಲ್ಲಿ ಅಲ್ಲಿನ 657 ಮಕ್ಕಳ ಅಧ್ಯಯನ ಪ್ರಕಟವಾಯಿತು. ಸೌಮ್ಯ ಹಂತದ ಮಗು ತನ್ನಿಂದಾಗುವ ಚಲನೆಯ ಶೇ. 90ರಷ್ಟನ್ನು ಸುಮಾರು 4.8 ವರ್ಷಕ್ಕೆ, ತೀವ್ರ ಹಂತದ ಮಗು 2.7 ವರ್ಷಕ್ಕೇ ಮುಟ್ಟುತ್ತದೆ ಎಂದಿತು ಅದು. ಹಾಗಾದರೆ ಐದು ವರ್ಷಕ್ಕೆ ಮುಗಿಯಿತೇ? ಇಲ್ಲ. ಹೆಚ್ಚು ತೊಂದರೆಯಿರುವ ಮಕ್ಕಳಲ್ಲಿ ಏಳೆಂಟು ವರ್ಷದ ನಂತರ ಗಳಿಸಿದ್ದೂ ಕುಸಿಯಬಹುದು ಎಂದು 2009ರ ಅಧ್ಯಯನ ತೋರಿಸಿತು. ಮೂಳೆ ಬೆಳೆದಷ್ಟು ವೇಗದಲ್ಲಿ ಬಿಗಿದ ಸ್ನಾಯು ಬೆಳೆಯದು. ಸೊಂಟದ ಕೀಲು ಜಾರಬಹುದು.

ನಮ್ಮ ವ್ಯವಸ್ಥೆಗೆ ಬೇರೆಯದೇ ಗೆರೆಯಿದೆ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಉಚಿತ ಶಿಕ್ಷಣ 6ರಿಂದ 18ರವರೆಗೆ. ಅದು ಸೌಲಭ್ಯದ ಮಿತಿ, ದೇಹದ ಅಗತ್ಯದ ಮಿತಿಯಲ್ಲ. ಇವೆರಡರ ನಡುವೆ ನಿಜವಾಗಿ ತೀರ್ಮಾನಿಸುವುದು ಬಸ್ಸಿನ ಖರ್ಚು, ಹೋದ ಕೂಲಿ, ಎತ್ತಲಾಗದಷ್ಟು ಬೆಳೆದ ಮಗನ ತೂಕ.

ಇದೆಲ್ಲ ಓದಿದ ಮೇಲೆ ನನಗನ್ನಿಸುವುದು ಇಷ್ಟು. ಹಿಡಿದ ಗುರಿ ಕೈಗೂಡಿದಾಗ, ಅಥವಾ ತಿಂಗಳುಗಟ್ಟಲೆ ಕಸರತ್ತು ಮಾಡಿದರೂ ಬದಲಾವಣೆ ಕಾಣದಾಗ, ವಾರವಾರದ ಚಿಕಿತ್ಸೆ ನಿಲ್ಲಿಸುವುದು ಸೋಲಲ್ಲ. ಆದರೆ ಅದನ್ನು ತಜ್ಞರು, ಮನೆಯವರು, ಹೇಳಬಲ್ಲದಾದರೆ ಮಗು, ಕೂಡಿ ತೀರ್ಮಾನಿಸಬೇಕು. ಯಾಕೆ ನಿಲ್ಲಿಸಿದೆವು, ಮನೆಯಲ್ಲಿ ಏನು ಮುಂದುವರಿಯಬೇಕು, ಸೊಂಟ ಮತ್ತು ಬೆನ್ನನ್ನು ಮತ್ತೆ ಯಾವಾಗ ತೋರಿಸಬೇಕು ಎಂಬುದನ್ನು ಬರೆದಿಡಬೇಕು.

ರೈಲು ಬಂತು. ಮಗನನ್ನು ಹತ್ತಿಸುವಾಗ ಆ ತಾಯಿ ತಮ್ಮ ಚೀಟಿಯನ್ನು ನನ್ನ ಕೈಗೆ ಕೊಟ್ಟಿದ್ದರು. ಅದರಲ್ಲಿ ಚಿಕಿತ್ಸೆ ಶುರುವಾದ ತಾರೀಖು ಮಾತ್ರ ಇತ್ತು.