ಮೈಸೂರು ಸೀಮೆಯ ಮೋಜಣಿ

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಮೈಸೂರು ಸೀಮೆಯು ಎಂತಹುದೆಂದು ತಿಳಿಯುವ ಆತುರವು ಕಂಪೆನಿಯವರಿಗೆ ಹುಟ್ಟಿತು. ಅದು ಸುಲಭವಾದ ಕಾರ್ಯವಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ೨೫೦ ಅಂಗುಲಕ್ಕೂ ಮಿಕ್ಕಿ ಮಳೆ ಸುರಿದರೆ, ಚಳ್ಳಕೆರೆಯ ಕಡೆಯಲ್ಲಿ ೨೦ ಅಂಗುಲ ಬಂದರೆ ಸುಭಿಕ್ಷವು. ಅಲ್ಲಿ ಅಡಿಕೆಯ ತೋಟ. ಇಲ್ಲಿ ರಾಗಿ, ಜೋಳ, ಕೆರೆಯ ಹಿಂದೆ ಮಾತ್ರ ಭತ್ತ.

ವೈದ್ಯನಾದ ಫ್ರಾನ್ಸಿಸ್ ಬುಕಾನನ್ ೧೮೦೦ರಲ್ಲಿ ಮದರಾಸಿನಿಂದ ಹೊರಟು, ಊರೂರಿನ ಒಕ್ಕಲು ಮಕ್ಕಳನ್ನು ವಿಚಾರಿಸಿ ಬರೆದುಕೊಂಡನು. ಹೊಲದ ವಿಸ್ತಾರವನ್ನು ಬಿತ್ತುವ ಬೀಜದಿಂದ ಹೇಳುವುದನ್ನೂ, ಖಂಡುಗವೆಂಬ ಒಂದೇ ಹೆಸರಿನ ಅಳತೆಯು ಊರಿಂದೂರಿಗೆ ಬೇರೆಯಾಗುವುದನ್ನೂ ೧೮೦೭ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಕಾಣಬಹುದು. ಇಂತಹ ಸಂಗತಿಯು ಮೋಜಣಿಯ ಸರಪಳಿಗೆ ಸಿಕ್ಕುವುದಲ್ಲ.

ಸರಪಳಿಯನ್ನು ಹಿಡಿಸಿದವನು ಕಾಲಿನ್ ಮೆಕೆಂಜಿ. ಬೆಟ್ಟ ಹೊಳೆಗಳನ್ನು ಗುರುತಿಸಿದ ಮಾತ್ರಕ್ಕೆ ನಾಡಿನ ಚಿತ್ರವಾಗದೆಂದು ಅವನೂ ಅರಿತಿದ್ದನು. ಕೈಫಿಯತ್ತುಗಳನ್ನೂ ಶಾಸನಗಳ ಪ್ರತಿಗಳನ್ನೂ ಕೂಡಿಸಿದನು. ಕೂಡಿಸಿದನೆಂದು ನಾವು ಬರೆಯುತ್ತೇವೆ. ಆದರೆ ಊರ ಹಿರಿಯರೊಡನೆ ಮಾತನಾಡಿದವನು ಅವನ ಸಹಾಯಕನಾದ ಕಾವಲಿ ವೆಂಕಟ ಬೋರಯ್ಯ. ತೆಲುಗು ಮನೆಮಾತಿನ ಈ ತರುಣನೇ ನಮ್ಮ ಹಳಗನ್ನಡದ ಶಾಸನಲಿಪಿಯನ್ನು ಓದುವ ದಾರಿಯನ್ನು ಕಂಡುಕೊಂಡನು. ಅಂತಹ ಕಲ್ಲುಗಳಲ್ಲಿ ಎಷ್ಟೋ ನಮ್ಮವರ ಕೈಯಲ್ಲಿ ಬಟ್ಟೆ ಒಗೆಯುವ ಬಂಡೆಗಳಾದುವೆಂಬುದನ್ನು ವಾಚಕರು ಬಲ್ಲರು.

ಮೋಜಣಿಯು ಮುಗಿಯುವ ಮುನ್ನವೇ, ೧೮೦೩ರಲ್ಲಿ, ಬೋರಯ್ಯನು ತೀರಿಕೊಂಡನು. ತಮ್ಮನಾದ ಲಕ್ಷ್ಮಯ್ಯನು ಆ ಕೆಲಸವನ್ನು ಮುಂದುವರಿಸಿದನು. ಮೆಕೆಂಜಿಯು ೧೮೧೫ರಲ್ಲಿ ಭಾರತದ ಮೊದಲನೆಯ ಸರ್ವೇಯರ್ ಜನರಲ್ ಆದನು. ಆ ಸಂಗ್ರಹವು ಈಗ ಚೆನ್ನೈಗೂ ಲಂಡನ್ನಿಗೂ ಹಂಚಿಹೋಗಿದೆ. ಅದಕ್ಕಿರುವ ಹೆಸರು ಮೆಕೆಂಜಿಯದು.