ಕಿರುಗೊಳವೆಯ ಮೇಲಿನ ಕಾವಲು

ಡೈನಮೈಟಿನ ಹೆಸರನ್ನು ಕೇಳದವರು ವಿರಳ. ಅದನ್ನು ಎಬ್ಬಿಸುವ ಡಿಟೊನೇಟರಾದರೋ ಗಣಿಯವರಿಗೂ ಪೋಲೀಸರಿಗೂ ಮಾತ್ರ ಹೆಚ್ಚು ಪರಿಚಿತವಾದ ವಸ್ತು. ಪೆನ್ಸಿಲಿನ ತುಂಡಿನಷ್ಟು ಗಾತ್ರದ ಈ ಕೊಳವೆಗೆ ಇಷ್ಟೊಂದು ಕಟ್ಟುಪಾಡು ಏಕೆ? ಅದರ ಚರಿತ್ರೆಯೇ ಇದಕ್ಕೆ ಉತ್ತರ ಹೇಳುತ್ತದೆ.

1847ರಲ್ಲಿ ಇಟಲಿಯ ಟ್ಯೂರಿನ್ ನಗರದ ಸೊಬ್ರೆರೊ ಎಂಬ ರಸಾಯನಶಾಸ್ತ್ರಜ್ಞನು ನೈಟ್ರೋಗ್ಲಿಸರಿನ್ ದ್ರವವನ್ನು ಕಂಡುಹಿಡಿದನು. ಅದರ ಶಕ್ತಿ ಕರಿಮದ್ದಿಗಿಂತ ಬಹಳ ಹೆಚ್ಚು, ಸ್ವಭಾವವೋ ಚಂಚಲ. ಬೇಡವಾದಾಗ ಸಿಡಿಯುವುದು, ಬೇಕಾದಾಗ ಬೆಂಕಿ ತಗುಲಿಸಿದರೂ ಸುಮ್ಮನೆ ಉರಿದುಹೋಗುವುದು. ಅದಕ್ಕೆ ಬೇಕಾದುದು ಉರಿಯಲ್ಲ, ಪೆಟ್ಟು. ಆ ಪೆಟ್ಟನ್ನು ಕೊಡಲು ಚಿಕ್ಕದೊಂದು ಸಿಡಿತ ಸಾಕು ಎಂಬುದನ್ನು ಸ್ವೀಡನ್ನಿನ ಆಲ್ಫ್ರೆಡ್ ನೊಬೆಲನು ಕಂಡುಕೊಂಡನು. 1863ರ ಈ ವಿಚಾರವು 1865ರಲ್ಲಿ ಲೋಹದ ಪುಟ್ಟ ಕೊಳವೆಯ ರೂಪ ತಾಳಿತು. ನಡುವೆ, 1864ರ ಸೆಪ್ಟೆಂಬರ್ 3ರಂದು, ಸ್ಟಾಕ್‌ಹೋಮಿನಲ್ಲಿದ್ದ ಅವನ ಕಾರ್ಯಾಗಾರವು ಸಿಡಿದು ತಮ್ಮನಾದ ಎಮಿಲನೂ ಇತರರೂ ಮಡಿದರು. ನಗರದೊಳಗೆ ಆ ಕೆಲಸ ಕೂಡದೆಂದು ಅಧಿಕಾರಿಗಳು ತಡೆದರು. ನಿರ್ಬಂಧವೂ ಡಿಟೊನೇಟರೂ ಜೊತೆಜೊತೆಯಾಗಿ ಹುಟ್ಟಿದುವೆನ್ನಬಹುದು.

1867ರಲ್ಲಿ, ಆ ದ್ರವವನ್ನು ಒಂದು ಬಗೆಯ ಮಣ್ಣಿಗೆ ಹೀರಿಸಿ ನೊಬೆಲನು ಡೈನಮೈಟನ್ನು ಮಾಡಿದನು. ಮದ್ದು ಹೀಗೆ ಸಾಧುವಾದಷ್ಟೂ ಡಿಟೊನೇಟರಿನ ಮಹತ್ವ ಹೆಚ್ಚಿತು. ಬೀಗದ ಕೈ ಅದರಲ್ಲಿ ಸೇರಿಕೊಂಡಿತು. ಮದ್ದು ಒಂದೆಡೆ, ಡಿಟೊನೇಟರ್ ಇನ್ನೊಂದೆಡೆ ಇರಬೇಕೆಂಬ ಕಟ್ಟಳೆಯ ಮರ್ಮ ಇದೇ.

ಭಾರತದಲ್ಲಿ 1884ರ ಕಾಯಿದೆಯು ಸ್ಫೋಟಕಗಳ ತಯಾರಿಕೆ, ಸಂಗ್ರಹ, ಸಾಗಣೆಗಳಿಗೆ ಲೈಸೆನ್ಸಿನ ಏರ್ಪಾಡು ಮಾಡಿತು. 1908ರಲ್ಲಿ ಆಳುವವರ ಕಣ್ಣು ಬೇರೆಡೆಗೆ ಹೊರಳಿತು. ಆ ಏಪ್ರಿಲ್ 30ರಂದು ಮುಜಫರಪುರದಲ್ಲಿ ಖುದಿರಾಮ್ ಬೋಸ್ ಮತ್ತು ಪ್ರಫುಲ್ಲ ಚಾಕಿ ನ್ಯಾಯಾಧೀಶ ಕಿಂಗ್ಸ್‌ಫರ್ಡನನ್ನು ಗುರಿಯಾಗಿಟ್ಟ ಬಾಂಬು ಇಬ್ಬರು ಆಂಗ್ಲ ಮಹಿಳೆಯರನ್ನು ಬಲಿಗೊಂಡಿತು. ಜೂನಿನಲ್ಲಿಯೇ ಸ್ಫೋಟಕ ವಸ್ತುಗಳ ಕಾಯಿದೆ ಹೊರಟಿತು. ಸಾಮಾನ್ಯವಾಗಿ ಅಪರಾಧವನ್ನು ಸಿದ್ಧಪಡಿಸುವ ಹೊಣೆ ಸರ್ಕಾರದ್ದು. ಇಲ್ಲಿಯಾದರೋ, ಸಂಶಯಾಸ್ಪದ ರೀತಿಯಲ್ಲಿ ಸ್ಫೋಟಕವನ್ನು ಇಟ್ಟುಕೊಂಡವನು ತನ್ನ ಉದ್ದೇಶ ನ್ಯಾಯವಾದುದೆಂದು ತಾನೇ ತೋರಿಸಬೇಕು.

ಪರಕೀಯರು ತಮ್ಮ ರಕ್ಷಣೆಗಾಗಿ ಮಾಡಿದ ಈ ಕಾಯಿದೆಯನ್ನು ಸ್ವತಂತ್ರ ಭಾರತವು ತೊಡೆದುಹಾಕಲಿಲ್ಲ. ಇದು ಸರಿಯೇ? 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ, ಕಲ್ಲುಗಣಿಗೆಂದು ಅಕ್ರಮವಾಗಿ ತಂದಿದ್ದ ಸ್ಫೋಟಕಗಳು ಸಿಡಿದು ಆರು ಮಂದಿ ಸತ್ತರು. ಅವರಾರೂ ಕ್ರಾಂತಿಕಾರರಲ್ಲ, ಆಳುವವರೂ ಅಲ್ಲ. ಕಾಯಿದೆಯ ಹುಟ್ಟು ಏನೇ ಇರಲಿ, ಅದು ಈಗ ಕಾಯಬೇಕಾದುದು ಇಂಥವರನ್ನು. ಆದರೆ ಹೊಣೆಯನ್ನು ಪ್ರಜೆಯ ಹೆಗಲಿಗೇರಿಸಿದ ಸರ್ಕಾರವು ತನ್ನ ಪಾಲಿನ ಕಾವಲನ್ನೂ ಅಷ್ಟೇ ಕಟ್ಟುನಿಟ್ಟಾಗಿ ನಡೆಸಬೇಕು. ಇಲ್ಲವಾದರೆ ಕಾಯಿದೆಯ ಬಿಗಿ ಮಾತ್ರ ಉಳಿದೀತು, ಕಾಪು ಉಳಿಯದು.